ಮೂಲೆಗಿಟ್ಟ ಚೈನ್‌ಸಾ ಏಕೆ ಸೋರುತ್ತದೆ?

ಮರಗಸಿ ಮುಗಿಸಿ ಸ್ಟೋರಿಗೆ ಸೇರಿಸಿದ ಚೈನ್‌ಸಾದ ಅಡಿಯಲ್ಲಿ ಕೆಲವೇ ದಿನಗಳಲ್ಲಿ ಎಣ್ಣೆ ಹರಡಿಕೊಂಡಿರುವುದು ಕಾಫಿ ಬೆಳೆಗಾರರಿಗೆ ಹೊಸ ಕಾಟವೇನಲ್ಲ. ಮೆಷಿನ್ ಕೆಟ್ಟಿತೆಂದು ನೇರ ಮೆಕ್ಯಾನಿಕ್ ಬಳಿಗೆ ಒಯ್ಯುವವರಿದ್ದಾರೆ. ಆದರೆ ಹೀಗೆ ಸೋರುವ ಮೆಷಿನ್ ಕೆಟ್ಟೇ ಇರಬೇಕೆಂದಿಲ್ಲ. ಟ್ಯಾಂಕಿನಲ್ಲಿ ಎಣ್ಣೆ ಉಳಿಸಿ ಇಟ್ಟದ್ದೇ ಸೋರಿಕೆಗೆ ಸಾಕಷ್ಟು ಕಾರಣ.

ಚೈನ್ ಆಯಿಲ್ ಕಾರಿನ ಎಂಜಿನ್ ಆಯಿಲ್‌ನ ಹಾಗೆ ಸುತ್ತಿ ಮರಳಿ ಬರುವಂಥದ್ದಲ್ಲ. ಪಂಪ್ ಅದನ್ನು ಬಾರ್‌ನ ಸಂದಿಗೆ ತಳ್ಳುತ್ತದೆ, ಓಡುವ ಚೈನು ಅದನ್ನು ಎರಚಿ ಮುಗಿಸುತ್ತದೆ. ಹೊರಹೋಗಲೆಂದೇ ಇರುವ ಈ ದಾರಿಗೆ ನಲ್ಲಿಯಂಥ ಬಿಗಿಯಾದ ತಡೆ ಸಾಮಾನ್ಯವಾಗಿ ಇರುವುದಿಲ್ಲ. ಎಣ್ಣೆ ಕಡಿಮೆಯಾದಂತೆ ಗಾಳಿ ಒಳಬರಲು ಟ್ಯಾಂಕಿಗೆ ಒಂದು ಸಣ್ಣ ಕವಾಟವಿದೆ. ಅದು ಗಾಳಿಯನ್ನು ಒಳಗೆ ಬಿಡುತ್ತದೆಯೇ ಹೊರತು ಹೊರಗೆ ಬಿಡುವುದಿಲ್ಲ. ಈಗ ತಗಡಿನ ಶೆಡ್ಡನ್ನು ನೆನೆಯಿರಿ. ಬೆಳಗಿನ ಜಾವ 20 ಡಿಗ್ರಿ, ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡರೆ, ಟ್ಯಾಂಕಿನೊಳಗಿನ ಗಾಳಿ ಸುಮಾರು ನೂರಕ್ಕೆ 7ರಷ್ಟು ಹಿಗ್ಗಲು ನೋಡುತ್ತದೆ. 250 ಮಿಲಿಲೀಟರ್ ಟ್ಯಾಂಕ್ ಅರ್ಧ ಖಾಲಿಯಿದ್ದರೆ ಸುಮಾರು 8ರಿಂದ 9 ಮಿಲಿಲೀಟರ್ ಎಣ್ಣೆ ಹೊರಕ್ಕೆ ಬರಬಹುದು. ರಾತ್ರಿ ತಣಿದಾಗ ಹೊಸ ಗಾಳಿ ಒಳಸೇರುತ್ತದೆ, ಮರುದಿನ ಬಿಸಿಲೇರಿದಾಗ ಅದೇ ಕಥೆ. ಎಂಜಿನ್ ನಿಂತಿದ್ದರೂ ಬಿಸಿಲೇ ಪಂಪ್ ಹೊಡೆಯುತ್ತಿರುತ್ತದೆ! ಎಣ್ಣೆಯ ಪ್ರಮಾಣ ಹೊಂದಿಸುವ ಸ್ಕ್ರೂವನ್ನು ಎಷ್ಟು ತಿರುಗಿಸಿದರೂ ಇದು ನಿಲ್ಲದು. ಆ ಸ್ಕ್ರೂವಿನ ಹಿಡಿತವಿರುವುದು ಪಂಪಿನ ಓಟದ ಮೇಲೆ.

ಹಾಗಾಗಿ ತಿಂಗಳುಗಟ್ಟಲೆ ಇಡುವುದಾದರೆ ಎಣ್ಣೆಯನ್ನು ಡಬ್ಬಿಗೆ ಬಸಿದುಬಿಡಿ. ಬಾರ್ ಮತ್ತು ಕ್ಲಚ್ ಕವರ್ ಬಿಚ್ಚಿ, ಒಳಗೆ ಅಂಟಿ ಕುಳಿತ ಎಣ್ಣೆ ನೆನೆದ ಮರದ ಹೊಟ್ಟನ್ನು ಕೆರೆದು ತೆಗೆಯಿರಿ. ಟ್ಯಾಂಕ್ ಖಾಲಿಯಾದ ಮೇಲೂ ದಿನಗಟ್ಟಲೆ ಜಿನುಗುವುದು ಈ ಹೊಟ್ಟೇ. ಒಂದೆರಡು ದಿನಕ್ಕೆ ಇಡುವಾಗ ಮುಚ್ಚಳ ತೆರೆದು ಒತ್ತಡ ಬಿಟ್ಟು, ಮತ್ತೆ ಬಿಗಿದು, ನೆರಳಿನಲ್ಲಿಟ್ಟರೆ ಸಾಕು.

ಟ್ಯಾಂಕ್ ಒಣಗಿದರೆ ಪಂಪ್ ಹಾಳಾಗದೇ ಎಂದು ಕೇಳಬಹುದು. ಬಸಿದ ಮೇಲೂ ಒಳಗೆ ತೆಳುವಾದ ಎಣ್ಣೆಯ ಪದರ ಉಳಿಯುತ್ತದೆ, ಅಷ್ಟು ಸಾಕು. ಚೈನ್ ಆಯಿಲ್ ಬದಲು ಅಡುಗೆ ಎಣ್ಣೆ ಹಾಕಿ, ಬಸಿಯದೆ ಹಾಗೇ ಬಿಟ್ಟರೆ ಅದು ಗಟ್ಟಿಯಾಗಿ ಪಂಪನ್ನು ಕಚ್ಚಿಸುವ ಅಪಾಯವೇ ದೊಡ್ಡದು. ಇನ್ನು ಕೆಲವರು ಸೋರಿಕೆ ತಗ್ಗಲೆಂದು ಗಾಡಿಯಿಂದ ತೆಗೆದ ಹಳೆಯ ಎಂಜಿನ್ ಆಯಿಲ್ ಸುರಿಯುತ್ತಾರೆ. ಅದರಲ್ಲಿನ ಲೋಹದ ಕಣಗಳು ಪಂಪನ್ನು ಸವೆಸುತ್ತವೆ, ಎರಚಿದ್ದು ಮೈಗೂ ಹಾನಿ. ನಾಲ್ಕು ಹನಿಗೆ ಇಷ್ಟೇಕೆ ತಲೆಬಿಸಿ ಎನ್ನುವವರು ಅದೇ ಸ್ಟೋರಿನಲ್ಲಿರುವ ಕಾಫಿ ಮೂಟೆಗಳನ್ನು ನೋಡಲಿ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಹೀರಿಕೊಳ್ಳುವ ಸರಕು.

ನಿಜವಾಗಿ ಕೆಟ್ಟ ಮೆಷಿನ್ ಇರುವುದಿಲ್ಲವೆಂದಲ್ಲ. ಅದನ್ನು ಪತ್ತೆಮಾಡಲು ಮೆಷಿನ್ ಒರೆಸಿ ಚೊಕ್ಕಮಾಡಿ, ಎಣ್ಣೆ ತುಂಬಿ, ಬಿಸಿಯೇರದ ಜಾಗದಲ್ಲಿ ರಟ್ಟಿನ ಮೇಲೆ ರಾತ್ರಿಯಿಡೀ ಇಡಿ. ಕಲೆ ಮುಚ್ಚಳದ ನೇರಕ್ಕೆ ಬಿದ್ದಿದ್ದರೆ ಮುಚ್ಚಳದ ರಬ್ಬರ್ ರಿಂಗ್ ನೋಡಿ, ಅದಕ್ಕೆ ಹೊಟ್ಟಿನ ಕಣ ಸಿಕ್ಕಿದ್ದರೂ ಸೋರುತ್ತದೆ. ರಟ್ಟೆಲ್ಲ ತೋಯ್ದಿದ್ದರೆ ಪೈಪೋ ಪಂಪೋ ಬಿರುಕು ಬಿಟ್ಟಿರಬಹುದು. ರಿಪೇರಿಯ ಖರ್ಚು ಮಾಡುವುದು ಆಮೇಲೆ, ಮೊದಲು ಈ ಪರೀಕ್ಷೆ ಮಾಡಿ.