ಬೆಳ್ಳಿಬಣ್ಣದೊಳಗಿನ ಸೈಕಲ್ಲು



ನವಲಗುಂದದ ಹತ್ತಿರದ ನಮ್ಮೂರ ಕೊಟ್ಟಿಗೆಯಲ್ಲಿ ಅಜ್ಜನ ಸೈಕಲ್ಲು ಬಿದ್ದಿತ್ತು. ಬೆಳ್ಳಿಬಣ್ಣದ ಫ್ರೇಮು, ಎಲ್ಲಿಯೂ ಹೆಸರಿಲ್ಲ. ‘ಅಲ್ಯುಮಿನಿಯಂ ಐತಿ, ಗುಜರಿಯವ ಚಲೋ ರೇಟು ಕೊಡತಾನ’ ಎಂದು ಕಾಕಾ ಮಾರಲು ಹೊರಟಿದ್ದರು.

ಹಾಳಾದ ಸ್ಪೀಕರಿನ ಅಯಸ್ಕಾಂತ ಹಿಡಿದೆ. ಗಪ್ಪನೆ ಅಂಟಿತು. ಅಲ್ಯುಮಿನಿಯಂಗೆ ಅದು ಅಂಟದು. ಇದು ಉಕ್ಕು, ಮೇಲಿದ್ದದ್ದು ಬರೀ ಅಲ್ಯುಮಿನಿಯಂ ಪೇಂಟು! ನಮ್ಮ ಮಾಸ್ತರರು, ಅಂಚೆಯವರು ತುಳಿದ ಹಳೆಯ ಸೈಕಲ್ಲುಗಳು ಬಹುತೇಕ ಉಕ್ಕಿನವೇ. ಕೊಳವೆಗಳನ್ನು ಲಗ್ಗಿನೊಳಗೆ ತೂರಿಸಿ ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದರು.

ಹಾಗಾದರೆ ಇದು ಯಾರದು? ಚೈನಿನ ದೊಡ್ಡ ಚಕ್ರ ನೋಡಬೇಕು. ಬಿ.ಎಸ್.ಎ. ಚಕ್ರದಲ್ಲಿ ಆ ಅಕ್ಷರಗಳನ್ನೇ ಕೊರೆದಿರುತ್ತಾರೆ, ರ್‍ಯಾಲಿಯದರಲ್ಲಿ ಕೊಕ್ಕರೆಯ ತಲೆ. ನಮ್ಮದರ ಚಕ್ರವನ್ನು ಯಾವಾಗಲೋ ಬದಲಿಸಿದ್ದರು. ಹುಬ್ಬಳ್ಳಿಯ ಲೇಥಿನವರು ಪೆಡಲ್ ಅಚ್ಚು ಕೂರುವ ಕೊಳವೆಯ ತಿರುಪಿನ ಎಳೆ ಎಣಿಸಿಕೊಟ್ಟರು. ಸಾಮಾನ್ಯ ಇಂಗ್ಲಿಷ್ ಅಳತೆ ಇಂಚಿಗೆ 24, ನಮ್ಮದು 26. ಅದು ರ್‍ಯಾಲಿಯವರ ಅಳತೆ. ನಾಟಿಂಗ್‌ಹ್ಯಾಮಿನದೋ, 1950ರ ದಶಕದಲ್ಲಿ ಆಸನ್‌ಸೋಲಿನ ಸೇನ್-ರ್‍ಯಾಲಿಯದೋ, ಎಳೆ ಹೇಳುವುದಿಲ್ಲ.

ಆದ್ದರಿಂದ ಪೇಂಟನ್ನು ಒಮ್ಮೆಲೇ ಕೆರೆಯಲಿಲ್ಲ. ಒರಟು ಕಾಗದ ಹಚ್ಚಿದರೆ ಕೆಳಗಿನ ಹಳೆಯ ಹೆಸರೂ ಹೋಗುತ್ತದೆ. ಕಾಸ್ಟಿಕ್ ಸೋಡಾ ಬಳಸುವವರಿದ್ದಾರೆ. ನಿಜವಾದ ಅಲ್ಯುಮಿನಿಯಂ ಭಾಗವಿದ್ದರೆ ಅದು ತಿಂದೇ ಬಿಡುತ್ತದೆ. ನಯವಾದ ಕಾಗದ, ನೀರು, ತಾಳ್ಮೆ. ಮೂರನೆಯ ಭಾನುವಾರ ಕರಿಬಣ್ಣದ ಮೇಲೆ ಬಂಗಾರದ ಗೆರೆ ಕಂಡಿತು.

ಕಾಕಾ ಈಗ ಗುಜರಿಯ ಮಾತು ಎತ್ತುತ್ತಿಲ್ಲ. ‘ಮಳಿಗಾಲಕ್ಕ ಮಡ್‌ಗಾರ್ಡ್ ಹಾಕಬ್ಯಾಡ, ಎರಿಮಣ್ಣು ಸಿಕ್ಕೊಂಡು ಗಾಲೀನ ತಿರಗೂದಿಲ್ಲ’ ಎಂದು ಮಾತ್ರ ಹೇಳಿದ್ದಾರೆ.