ಧರ್ಮಸಭೆ, ಕಾನೂನು ಮತ್ತು ಮಗು



ಬೀದರ್, ಭಾಲ್ಕಿ, ಔರಾದ್‌ಗಳ ಕಥೋಲಿಕರು 2005ರಲ್ಲಿ ಸ್ಥಾಪನೆಯಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿದವರು. ಅವರ ಧರ್ಮಸಭೆಗೆ ಮದುವೆ ಒಂದು ಸಂಸ್ಕಾರ. ಅದು ಗಂಡು ಹೆಣ್ಣಿನ ನಡುವೆ ಮಾತ್ರ. ಸಲಿಂಗ ಜೋಡಿಗೆ ಕಾನೂನಿನ ಮನ್ನಣೆಯನ್ನೂ ದತ್ತು ಹಕ್ಕನ್ನೂ 2003ರಲ್ಲಿ ವ್ಯಾಟಿಕನ್ ವಿರೋಧಿಸಿತು. 2023ರ ಡಿಸೆಂಬರ್‌ನಲ್ಲಿ ಇಂಥ ಜೋಡಿಗಳಿಗೆ ಸರಳ ಆಶೀರ್ವಾದ ನೀಡಲು ಒಪ್ಪಿತು. ಮದುವೆಯ ವ್ಯಾಖ್ಯೆಯನ್ನು ಮಾತ್ರ ಬದಲಿಸಲಿಲ್ಲ.

ನಾಗರಿಕ ಕಾನೂನು ಬೇರೆಯೇ ಪ್ರಶ್ನೆ. 1954ರ ವಿಶೇಷ ವಿವಾಹ ಕಾಯ್ದೆಯ ಮದುವೆಗೆ ಪಾದ್ರಿಯೂ ಬೇಡ, ಪುರೋಹಿತರೂ ಬೇಡ. ಅದನ್ನು ಸಲಿಂಗ ಜೋಡಿಗಳಿಗೆ ವಿಸ್ತರಿಸಲು 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟು ನಿರಾಕರಿಸಿ, ಅದು ಸಂಸತ್ತಿನ ಕೆಲಸವೆಂದಿತು.

ಒಂಟಿ ವ್ಯಕ್ತಿ ದತ್ತು ಪಡೆಯಬಹುದು. ಸಲಿಂಗ ಜೋಡಿ ಒಟ್ಟಾಗಿ ಪಡೆಯುವಂತಿಲ್ಲ. ಹೀಗಾಗಿ ಇಬ್ಬರು ಸಾಕಿದ ಮಗುವಿಗೆ ಕಾನೂನಿನಲ್ಲಿ ಒಬ್ಬರೇ ಪಾಲಕರು. ಅವರು ತೀರಿಕೊಂಡರೆ ಮಗು ಯಾರ ಆಸರೆಯಲ್ಲಿ ಬೆಳೆಯಬೇಕು? ಮದುವೆಯ ಬಗ್ಗೆ ನಿಮ್ಮ ನಂಬಿಕೆ ಏನೇ ಇರಲಿ, ಈ ಪ್ರಶ್ನೆಯನ್ನು ಯೋಚಿಸಿ ನೋಡಿ.