ಹೊಸ ಮನೆಯ ಕೆಳಗಿನ ಹಳೆಯ ಗದ್ದೆ

(ಉಪನ್ಯಾಸದ ಬರಹರೂಪ)



ಮಲೆನಾಡಿನಲ್ಲಿ ಮನೆಗೆ ನೀರಿನ ಭಯ ಬರುವುದು ಮೇಲಿನಿಂದ. ಸೂರು ಸೋರುತ್ತದೆ, ಹಿತ್ತಿಲಿನ ಧರೆ ಜರಿಯುತ್ತದೆ. ನಾಲೆಯ ಬಯಲಿನಲ್ಲಿ ಅದೇ ನೀರು ಕೆಳಗಿನಿಂದ ಬರುತ್ತದೆ, ಸದ್ದಿಲ್ಲದೆ ಬರುತ್ತದೆ. ಬೆಂಗಳೂರು, ಮೈಸೂರುಗಳಲ್ಲಿ ದುಡಿಯುವ ಮಕ್ಕಳಿಗಾಗಿ ತೋಟದ ಒಂದು ಭಾಗವನ್ನೇ ಮಾರಿ ಬಯಲುಸೀಮೆಯಲ್ಲಿ ಸಿದ್ಧ ಮನೆ ಕೊಳ್ಳುವ ಬೆಟ್ಟದ ಕುಟುಂಬಗಳು ಈ ವ್ಯತ್ಯಾಸವನ್ನು ಮೊದಲು ಅರಿಯಬೇಕು. ಮಾರಿದ ತೋಟ ಮರಳಿ ಬರುವುದಿಲ್ಲ.

ಮಂಡ್ಯ ತಾಲ್ಲೂಕಿನ ಹೊಳಲಿನಂತಹ ಊರುಗಳ ಸೀಮೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಕೃಷ್ಣರಾಜಸಾಗರದಿಂದ ಹೊರಟ ವಿಶ್ವೇಶ್ವರಯ್ಯ ನಾಲೆ 1930ರ ದಶಕದಲ್ಲಿ ಈ ಸೀಮೆಯ ಬದುಕನ್ನೇ ಬದಲಿಸಿತು. ರಾಗಿಯ ಹೊಲಗಳು ಭತ್ತ, ಕಬ್ಬಿನ ಗದ್ದೆಗಳಾದವು. 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಹೊಸ ಹೆದ್ದಾರಿ ಉದ್ಘಾಟನೆಗೊಂಡ ಮೇಲೆ ನಗರಕ್ಕೆ ದೂರ ಕಡಿಮೆಯಾಯಿತು. ದೂರ ಕಡಿಮೆಯಾದಲ್ಲೆಲ್ಲ ಗದ್ದೆಯ ಮೇಲೆ ನಿವೇಶನದ ಕಲ್ಲು ನೆಡಲ್ಪಡುವುದು ಸರ್ವೇಸಾಮಾನ್ಯ.

ಒಂದು ಅಡಿಕೆ ಸಸಿ ಕೊಳ್ಳಲು ಮೂರು ನರ್ಸರಿ ಸುತ್ತುವ ರೈತ, ಮನೆಯನ್ನು ನೆಲಹಾಸಿನ ಹೊಳಪು ನೋಡಿ ಅರ್ಧ ಗಂಟೆಯಲ್ಲಿ ಒಪ್ಪಿಬಿಡುವುದುಂಟು. ಮೊದಲ ತಪ್ಪು ಅಲ್ಲಿಯೇ ಇದೆ. ಗೋಡೆಗಿಂತ ಮೊದಲು ನೆಲವನ್ನು ವಿಚಾರಿಸಬೇಕು.

ಭತ್ತದ ಗದ್ದೆಯ ಮಣ್ಣು ರಾಗಿ ಹೊಲದ ಮಣ್ಣಿನಂತಲ್ಲ. ವರ್ಷಗಟ್ಟಲೆ ಕೆಸರು ಮಾಡಿ ಉತ್ತ ಮೇಲ್ಪದರದಲ್ಲಿ ಮಣ್ಣಿನ ಕಣಗಳ ಕಟ್ಟು ಒಡೆದಿರುತ್ತದೆ. ಅದರ ಕೆಳಗೆ ನೇಗಿಲು, ಟ್ರಾಕ್ಟರುಗಳ ಒತ್ತಡದಿಂದ ಗಟ್ಟಿ ಪದರವೊಂದು ಏರ್ಪಟ್ಟು ನೀರನ್ನು ಇಂಗಗೊಡದೆ ಹಿಡಿದಿಡುತ್ತದೆ. ಪೈರಿಗೆ ಇದು ವರ, ತಳಪಾಯಕ್ಕೆ ಅಲ್ಲ. ತಗ್ಗಿನ ಗದ್ದೆಗಳಲ್ಲಿ ಜೇಡಿಯ ಅಂಶ ಹೆಚ್ಚು. ಜೇಡಿ ನೆನೆದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಇಂತಹ ಗದ್ದೆಯ ಮೇಲೆ ನಾಲ್ಕಾರು ಅಡಿ ಕೆಮ್ಮಣ್ಣು ಸುರಿದು, ಪದರ ಪದರವಾಗಿ ನೀರು ಹಾಯಿಸಿ ದಮ್ಮಸ್ಸು ಮಾಡದೆ, ಆ ತುಂಬುಮಣ್ಣಿನಲ್ಲಿಯೇ ಪಾಯ ನಿಲ್ಲಿಸಿದರೆ ಮನೆಯ ಒಂದು ಮೂಲೆ ಇನ್ನೊಂದಕ್ಕಿಂತ ಹೆಚ್ಚು ಕುಸಿಯುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏರುವ, ಇಟ್ಟಿಗೆಯ ಸಂದುಗಳಲ್ಲಿ ಮೆಟ್ಟಿಲಿನಂತೆ ಸಾಗುವ ಬಿರುಕು ಅದರ ಗುರುತು. ಗಾರೆ ಒಣಗಿದ್ದರಿಂದ ಮೂಡುವ ಕೂದಲೆಳೆಯ ಬಿರುಕಿಗೆ ಹೆದರಬೇಕಾಗಿಲ್ಲ. ಎರಡನ್ನೂ ಒಂದೇ ಎಂದು ಸಮಾಧಾನ ಹೇಳುವ ಮಾರಾಟಗಾರನಿಗೆ ಹೆದರಬೇಕು.

ನೆಲದ ಪೂರ್ವಚರಿತ್ರೆ ತಿಳಿಯುವುದು ಕಷ್ಟವಲ್ಲ. ಹಳೆಯ ಪಹಣಿಯಲ್ಲಿ ಜಮೀನು ಖುಷ್ಕಿಯೋ ತರಿಯೋ ಬಾಗಾಯ್ತೋ ಎಂದು ಬರೆದಿರುತ್ತದೆ. ಗ್ರಾಮನಕ್ಷೆಯಲ್ಲಿ ಹಳ್ಳ, ಕೆರೆ, ಬಂಡಿದಾರಿಗಳು ಕಾಣುತ್ತವೆ. ‘ಬಿ’ ಖರಾಬು ಎಂದು ದಾಖಲಾದ ಹಳ್ಳ, ದಾರಿಗಳು ಸಾರ್ವಜನಿಕ ಸ್ವತ್ತು. ಅದನ್ನು ಮಾರುವ ಹಕ್ಕು ಯಾರಿಗೂ ಇಲ್ಲ. ಇಷ್ಟಲ್ಲದೆ ಪಕ್ಕದ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸನ್ನು ಕೇಳಿದರೆ ಯಾವ ತಿಂಗಳಲ್ಲಿ ನೀರು ಎಲ್ಲಿ ನಿಲ್ಲುತ್ತದೆಂದು ದಾಖಲೆಗಿಂತ ಸ್ಪಷ್ಟವಾಗಿ ಹೇಳುತ್ತಾಳೆ.

ವಿದ್ಯಾರ್ಥಿಗಳು ಮಾಡಬಹುದಾದ ಪರೀಕ್ಷೆಯೊಂದಿದೆ. ಪಾಯದ ಆಳದ ಮಣ್ಣನ್ನು ಒಣಗಿಸಿ, ನುಣ್ಣಗೆ ಜರಡಿಯಾಡಿ, ಹತ್ತು ಹತ್ತು ಗ್ರಾಂನಂತೆ ಎರಡು ಅಳತೆಯ ಗಾಜಿನ ಕೊಳವೆಗಳಲ್ಲಿ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡಬೇಕು. ಸೀಮೆಎಣ್ಣೆಯಲ್ಲಿ ಜೇಡಿ ಹಿಗ್ಗುವುದಿಲ್ಲ. ನೀರಿನಲ್ಲಿನ ಮಣ್ಣು ಎಣ್ಣೆಯಲ್ಲಿನದಕ್ಕಿಂತ ಶೇಕಡ 50ಕ್ಕೂ ಮಿಕ್ಕಿ ಉಬ್ಬಿದ್ದರೆ ಎಂಜಿನಿಯರರ ಸಲಹೆಯಿಲ್ಲದೆ ಮುಂದಡಿ ಇಡಬಾರದು.

ಇನ್ನು ತೇವದ ಮಾತು. ನೀರಾವರಿ ಸೀಮೆಯಲ್ಲಿ ಅಂತರ್ಜಲ ಮೇಲೇರಿದಾಗ ಮಣ್ಣಿನ ಲವಣವನ್ನು ಕರಗಿಸಿಕೊಂಡ ನೀರು ಇಟ್ಟಿಗೆಯ ಸೂಕ್ಷ್ಮರಂಧ್ರಗಳಲ್ಲಿ, ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಗೋಡೆಯನ್ನೇರುತ್ತದೆ. ನೀರು ಆರಿ ಉಪ್ಪು ಉಳಿದು ಬಣ್ಣವನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಇದನ್ನು ತಡೆಯುವುದು ಬಣ್ಣವಲ್ಲ, ಪಾಯಕಟ್ಟಿನ ಮಟ್ಟದಲ್ಲಿ ಗೋಡೆಯ ಅಡಿಯುದ್ದಕ್ಕೂ ಹಾಕುವ ತೇವನಿರೋಧಕ ಪದರ. ಹೊಸ ಬಣ್ಣ ಹಚ್ಚಿದ ಮನೆಯನ್ನು ಬೇಸಿಗೆಯಲ್ಲಿ ನೋಡಿ ಬರುವುದು ಎರಡನೆಯ ದೊಡ್ಡ ತಪ್ಪು. ನಾಲೆಯಲ್ಲಿ ನೀರು ಹರಿಯುವ ತಿಂಗಳಲ್ಲಿ, ಮಳೆಯ ಮರುದಿನ ಮತ್ತೊಮ್ಮೆ ಹೋಗಬೇಕು. ಬೀರು, ಮಂಚಗಳ ಹಿಂದಿನ ಗೋಡೆಯ ಬುಡವನ್ನು ಮುಟ್ಟಿ ನೋಡಬೇಕು. ಶೌಚಗುಂಡಿ ಎಲ್ಲಿದೆ, ನೀರು ತುಂಬಿದ ನೆಲದಲ್ಲಿ ಅದರ ಕೊಳಕು ಎಲ್ಲಿಗೆ ಹೋಗುತ್ತದೆ, ಕೊಳವೆಬಾವಿ ಎಷ್ಟು ದೂರದಲ್ಲಿದೆ ಎಂಬುದೂ ಅದೇ ಭೇಟಿಯಲ್ಲಿ ತಿಳಿಯಬೇಕು.

ಕಾಂಕ್ರೀಟಿನ ಗುಣವನ್ನು ಸಿದ್ಧ ಮನೆಯಲ್ಲಿ ಕಣ್ಣಿನಿಂದ ಅಳೆಯಲಾಗದು. ಆದರೆ ಭಾರತೀಯ ಮಾನಕ 456 ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬೂದಿ ಬೆರೆತ ಸಿಮೆಂಟಿಗೆ 10 ದಿನ ನೀರುಣಿಸಬೇಕೆನ್ನುತ್ತದೆ. ಯಾವ ಸಿಮೆಂಟು, ಎಷ್ಟು ದಿನ, ನೀರು ಎಲ್ಲಿಯದು ಎಂದು ಮೇಸ್ತ್ರಿಯನ್ನೇ ಪ್ರತ್ಯೇಕವಾಗಿ ಕೇಳಿದರೆ ಉತ್ತರದಲ್ಲಿ ಬಹಳಷ್ಟು ತಿಳಿಯುತ್ತದೆ.

ಕಾಗದಪತ್ರಗಳ ವಿಷಯದಲ್ಲಿ ಮೋಸಕ್ಕಿಂತ ಅರ್ಧಸತ್ಯವೇ ಹೆಚ್ಚು ಅಪಾಯಕಾರಿ. ಭೂಪರಿವರ್ತನೆಯ ಆದೇಶವೊಂದನ್ನು ತೋರಿಸಿ ‘ಎಲ್ಲ ಸರಿಯಿದೆ’ ಎನ್ನುತ್ತಾರೆ. ಭೂಕಂದಾಯ ಅಧಿನಿಯಮ 1964ರ 95ನೆಯ ಪ್ರಕರಣದ ಆ ಆದೇಶ ಜಮೀನಿನ ಬಳಕೆಯನ್ನಷ್ಟೇ ಬದಲಿಸುತ್ತದೆ. ಬಡಾವಣೆಯ ನಕ್ಷೆಗೂ ಮನೆಯ ನಕ್ಷೆಗೂ ಬೇರೆ ಬೇರೆ ಅನುಮೋದನೆ ಬೇಕು. ಗ್ರಾಮಪಂಚಾಯಿತಿಯ ಸ್ವತ್ತಿಗೆ ನಮೂನೆ 9 ಮತ್ತು 11ಎ ಕೇಳಬೇಕು. 11ಬಿ ಇದ್ದರೆ ತೆರಿಗೆ ಕಟ್ಟಿಸಿಕೊಂಡಿದ್ದಾರೆ ಎಂದರ್ಥವೇ ಹೊರತು ಬಡಾವಣೆ ಅನುಮೋದಿತವೆಂದಲ್ಲ. ಋಣಭಾರ ಪತ್ರವನ್ನು ಹತ್ತು ಹನ್ನೆರಡು ವರ್ಷಕ್ಕೆ ನಿಲ್ಲಿಸದೆ ಹಿಂದಕ್ಕೆ ನೋಡಬೇಕು. ಮೂಲದಲ್ಲಿ ಅದು ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾಗಿದ್ದರೆ 1978ರ ಕಾಯಿದೆಯ ಪ್ರಕಾರ ಸರ್ಕಾರದ ಅನುಮತಿಯಿಲ್ಲದ ಮಾರಾಟ ಅಸಿಂಧು. ಜಮೀನು ಮೂಲ ಮಂಜೂರುದಾರನಿಗೆ ಮರಳಬೇಕು. 2023ರ ತಿದ್ದುಪಡಿ ಇದಕ್ಕೆ ಕಾಲಮಿತಿಯ ಅಡ್ಡಿಯನ್ನೂ ತೆಗೆದಿದೆ. ಕೊಳ್ಳುವವರು ಇದನ್ನು ತೊಡಕೆಂದು ಗೊಣಗುವುದುಂಟು. ಬಡವನ ತುಂಡು ಭೂಮಿಯನ್ನು ಕಾಯುವ ಕಾನೂನು ಅದು, ಗೊಣಗುವುದು ನ್ಯಾಯವಲ್ಲ.

2016ರ ಸ್ಥಿರಾಸ್ತಿ ಕಾಯಿದೆ, ಅಂದರೆ ರೇರಾ, ಹಲವರಿಗೆ ಗೊತ್ತು. ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡು ತಿಳಿಸಿದರೆ 30 ದಿನದೊಳಗೆ ಉಚಿತವಾಗಿ ಸರಿಪಡಿಸುವುದು ನಿರ್ಮಾಪಕನ ಹೊಣೆ. ನೋಂದಾಯಿತ ಕರಾರಿಲ್ಲದೆ ಬೆಲೆಯ ಶೇಕಡ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಆದರೆ 500 ಚದರ ಮೀಟರು ಮೀರದ ಜಾಗದ ಯೋಜನೆಗೆ ನೋಂದಣಿಯೇ ಬೇಕಿಲ್ಲ. ಸಣ್ಣ ಊರಿನಲ್ಲಿ ಒಂದೊಂದೇ ಮನೆ ಕಟ್ಟಿ ಮಾರುವವರು ಸಾಮಾನ್ಯವಾಗಿ ಈ ಅಂಚಿನಲ್ಲಿಯೇ ಇರುತ್ತಾರೆ. ಆಗ ದುರಸ್ತಿಯ ಹೊಣೆಯನ್ನು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.

ಬೆಟ್ಟದ ಮೇಲೆಯೇ ಹೊಸ ಮನೆ ಕೊಳ್ಳುವವರಿಗೂ ಮಾತೊಂದಿದೆ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಅತಿವೃಷ್ಟಿಯೊಂದೇ ಕಾರಣವಾಗಿರಲಿಲ್ಲ. ಮನೆಗೂ ರಸ್ತೆಗೂ ಇಳಿಜಾರನ್ನು ನೇರವಾಗಿ ಕಡಿದದ್ದು, ನೀರಿನ ಸಹಜ ದಾರಿ ಮುಚ್ಚಿದ್ದು ಸೇರಿದ್ದವು. ಕಡಿದ ಧರೆಯ ಬುಡದಲ್ಲಿ ತಟ್ಟು ಮಾಡಿ ನಿಲ್ಲಿಸಿದ ಮನೆಯಲ್ಲಿ ಅರ್ಧ ಗಟ್ಟಿನೆಲ, ಇನ್ನರ್ಧ ಅದೇ ಧರೆಯಿಂದ ತೆಗೆದ ತುಂಬುಮಣ್ಣು. ತಡೆಗೋಡೆ ಇದ್ದರೆ ಅದರಲ್ಲಿ ನೀರು ಹೊರಬೀಳುವ ರಂಧ್ರಗಳಿವೆಯೇ, ಮಳೆಯಲ್ಲಿ ಅವು ಹರಿಯುತ್ತಿವೆಯೇ ಎಂದು ನೋಡಬೇಕು. ಒಣಗಿ ನಿಂತ ರಂಧ್ರವೆಂದರೆ ಹಿಂದೆ ನೀರಿಲ್ಲವೆಂದಲ್ಲ, ಅದು ಕಟ್ಟಿಕೊಂಡಿರಬಹುದು.

ಕೊನೆಯದಾಗಿ ಹಣದ ಮಾತು. ಪೂರ್ತಿ ಹಣವನ್ನು ನೋಂದಣಿಯ ದಿನವೇ ಕೊಡುವ ರೂಢಿಯಿದೆ. ಒಂದು ಸಣ್ಣ ಭಾಗವನ್ನು ಬರವಣಿಗೆಯ ಒಪ್ಪಂದದೊಡನೆ ಒಂದು ಮಳೆಗಾಲ ಮುಗಿಯುವವರೆಗೆ ತಡೆಹಿಡಿಯಲು ಮಾರುವವನು ಒಪ್ಪುತ್ತಾನೆಯೇ ಎಂದು ಕೇಳಿ ನೋಡಬೇಕು. ತನ್ನ ಪಾಯವನ್ನು ತಾನು ಬಲ್ಲವನು ಒಪ್ಪಿಯಾನು.